ಟಿವಿ ಒಂದು, ಪೆಟ್ಟಿಗೆ ಎರಡು: ನಡುವೆ ಸ್ವಿಚ್ ಬಾಕ್ಸ್ ಯಾಕೆ?

ಮಕ್ಕಳೇ, ಮನೆಯಲ್ಲಿ ಹಳೆಯ ಟಿವಿ ಇದ್ದರೆ ಅದರ ಹಿಂಬದಿ ಒಮ್ಮೆ ನೋಡಿ. ಹಳದಿ, ಬಿಳಿ, ಕೆಂಪು ಬಣ್ಣದ ಮೂರು ಸಾಕೆಟ್ ಕಾಣುತ್ತವೆ. ಹಳದಿಯಲ್ಲಿ ಚಿತ್ರ, ಬಿಳಿಯಲ್ಲಿ ಎಡಬದಿಯ ಧ್ವನಿ, ಕೆಂಪಿನಲ್ಲಿ ಬಲಬದಿಯ ಧ್ವನಿ. ಸೆಟ್ ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್ ಎರಡೂ ಇದ್ದು, ಸಾಕೆಟ್ ಒಂದೇ ಜೊತೆ ಇದ್ದರೆ ಏನು ಮಾಡುವುದು?

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಉಪಾಯ ಮಾಡಿದ್ದೆ. ಎರಡು ಹಳದಿ ವಯರುಗಳನ್ನು ಸೀಳಿ ಒಟ್ಟಿಗೆ ತಿರುಚಿಬಿಟ್ಟೆ. ಚಿತ್ರ ಮಂಕಾಯಿತು, ಅಡ್ಡಡ್ಡ ಹರಿಯಿತು. ವಾರ್ತೆ ಓದುವವರ ಮುಖದ ಮೇಲೆ ಸಿನಿಮಾದ ನೆರಳು! ಅಪ್ಪ ಬೈದರು. ಆದರೆ ಯಾಕೆ ಹೀಗಾಯ್ತು ಅಂತ ಯಾರೂ ಹೇಳಲಿಲ್ಲ. ಈಗ ಲೆಕ್ಕ ಹಾಕಿ ನೋಡೋಣ.

ನೀರಿನ ಉದಾಹರಣೆ

ನಮ್ಮ ಕಾಸರಗೋಡಿನ ಕಡೆ ಕೆಲವು ತೋಟಗಳಲ್ಲಿ ಸುರಂಗದ ನೀರೂ ಇದೆ, ಬೋರ್‌ವೆಲ್ಲೂ ಇದೆ. ಎರಡರ ಪೈಪುಗಳನ್ನು ವಾಲ್ವ್ ಇಲ್ಲದೆ ಒಂದಕ್ಕೊಂದು ಸೇರಿಸಿದರೆ, ಪಂಪಿನ ಒತ್ತಡಕ್ಕೆ ಒಂದಿಷ್ಟು ನೀರು ಟಾಂಕಿಗೆ ಹೋಗದೆ ಸುರಂಗದ ಪೈಪಿಗೇ ಹಿಂದಕ್ಕೆ ನುಗ್ಗುತ್ತದೆ. ವಯರಿನಲ್ಲೂ ಆಗುವುದು ಇದೇ.

ಲೆಕ್ಕ

ವೀಡಿಯೊ ಕಳುಹಿಸುವ ಉಪಕರಣದ ಆಂತರಿಕ ಪ್ರತಿರೋಧ 75 ಓಮ್. ಟಿವಿಯದ್ದೂ 75 ಓಮ್. ಉಪಕರಣದೊಳಗಿನ 2 ವೋಲ್ಟ್ ಎರಡಕ್ಕೂ ಸಮನಾಗಿ ಹಂಚಿ ಟಿವಿಗೆ 1 ವೋಲ್ಟ್ ಸಿಗುತ್ತದೆ.

ಎರಡನೆಯ ಉಪಕರಣವನ್ನು ನೇರ ಸೇರಿಸಿದರೆ ಅದರ 75 ಓಮ್ ಟಿವಿಗೆ ಸಮಾಂತರವಾಗುತ್ತದೆ. ಎರಡೂ ಸೇರಿ 37.5 ಓಮ್.

ಟಿವಿಗೆ ಸಿಗುವುದು: 2 × 37.5 ÷ (75 + 37.5) = 0.67 ವೋಲ್ಟ್.

ಮೂರರಲ್ಲಿ ಒಂದು ಪಾಲು ಹೋಯ್ತು! ಚಿತ್ರ ಮಂಕಾದದ್ದು ಇದರಿಂದ. ಇನ್ನೊಂದರ ಸಂಕೇತವೂ ಬೆರೆತದ್ದರಿಂದ ನೆರಳು ಬಂತು.

ಸ್ವಿಚ್ ಬಾಕ್ಸ್ ಇಲ್ಲಿ ವಾಲ್ವಿನ ಕೆಲಸ ಮಾಡುತ್ತದೆ. ಒಂದು ಗುಂಡಿ ಒತ್ತಿದರೆ ಒಂದು ಉಪಕರಣದ ಸಂಕೇತ ಮಾತ್ರ ಟಿವಿಗೆ ಹೋಗುತ್ತದೆ, ಉಳಿದವು ಕಡಿದಿರುತ್ತವೆ.

ಜೋಡಿಸುವ ಕ್ರಮ

1. ಎಲ್ಲ ಪ್ಲಗ್ ಕಳಚಿ.
2. ಉಪಕರಣದ ‘ಔಟ್’ನಿಂದ ಬಾಕ್ಸಿನ ‘ಇನ್’ಗೆ, ಬಾಕ್ಸಿನ ‘ಔಟ್’ನಿಂದ ಟಿವಿಯ ‘ಇನ್’ಗೆ ವಯರು ಹಾಕಿ. ಬಣ್ಣಕ್ಕೆ ಬಣ್ಣ ಹೊಂದಿಸಿ.
3. ಪ್ಲಗ್ ಹಾಕಿ, ಟಿವಿಯಲ್ಲಿ ‘ಎವಿ’ ಆರಿಸಿ, ಬಾಕ್ಸಿನ ಗುಂಡಿ ಒತ್ತಿ.
4. ಧ್ವನಿ ಇದ್ದು ಚಿತ್ರ ಇಲ್ಲವಾದರೆ ಮೊದಲು ಹಳದಿ ವಯರು ನೋಡಿ.

ಹೊಸ ಟಿವಿಗಳ ಎಚ್‌ಡಿಎಂಐ ಕೇಬಲ್‌ನಲ್ಲಿ 19 ಪಿನ್‌ಗಳಿವೆ. ಅದಕ್ಕೆ ಎಚ್‌ಡಿಎಂಐ ಸ್ವಿಚ್ಚೇ ಬೇಕು. ಅಂಗಡಿಯಲ್ಲಿ ‘ಸ್ಪ್ಲಿಟರ್’ ಕೊಟ್ಟರೆ ತರಬೇಡಿ. ಅದು ಒಂದು ಉಪಕರಣದಿಂದ ಹಲವು ಟಿವಿಗಳಿಗೆ ಕೊಡುವಂಥದ್ದು, ನಮಗೆ ಬೇಕಾದದ್ದು ಅದರ ಉಲ್ಟಾ.

ಎಚ್ಚರಿಕೆ: ಟಿವಿಯ ಹಿಂಬದಿಯ ಮುಚ್ಚಳ ಬಿಚ್ಚಲೇಬೇಡಿ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಪ್ಲಗ್ ಕಳಚಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದು.

ನೀವೇ ಮಾಡಿ: ಮೂರು ಉಪಕರಣಗಳನ್ನು ನೇರ ಸೇರಿಸಿದರೆ ಒಂದೊಂದರಿಂದ ಟಿವಿಗೆ ಎಷ್ಟು ವೋಲ್ಟ್ ಸಿಗುತ್ತದೆ? ವಯರು ಮುಟ್ಟಬೇಡಿ, ಕಾಗದದ ಮೇಲೆ ಮಾತ್ರ ಮಾಡಿ. 0.5 ಬಂದರೆ ನಿಮ್ಮ ಲೆಕ್ಕ ಸರಿ.