ಗಿಟಾರಿನ ಹೊಟ್ಟೆಯೊಳಗೆ: ವೈರಿಂಗ್ ಕಲಿಸಿದ ಪಾಠಗಳು

ನಾವಿಬ್ಬರು ಗೆಳೆಯರು ಸೇರಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತೇವೆ. ಮರದ ಕೆಲಸ ಗೆಳೆಯನದು. ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಸುರುಳಿ), ಸ್ವಿಚ್, ಪಾಟ್ (ನಾಬ್ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್), ವೈರಿಂಗ್ ನನ್ನದು. ಬೇಕೆಂದವರ ಕೈಗೆ, ಅವರು ನುಡಿಸುವ ರೀತಿಗೆ ಹೊಂದುವಂತೆ ಮಾಡಿಕೊಡುವ ಕೆಲಸ ಇದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕುತ್ತ, ಹಾಕಿದ ಬೆಸುಗೆ ಬಿಚ್ಚಿ ಮತ್ತೆ ಹಾಕುತ್ತ ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಕೈಹಾಕುವವರಿಗೆ ಒಂದು ಒಳ್ಳೆಯ ಮರದ ಹಲಗೆಯಾದರೂ ಉಳಿದರೆ ಸಂತೋಷ.

1. ಸ್ವಿಚ್ಚಿನ ಲೆಕ್ಕ ಬೇರೆ, ಕಿವಿಯ ಲೆಕ್ಕ ಬೇರೆ

ಕ್ವೀನ್ ತಂಡದ ಬ್ರಯಾನ್ ಮೇ ಇನ್ನೂ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಶುರುಮಾಡಿದರು. ಹಳೆಯ ಬೆಂಕಿಗೂಡಿನ ಮರದಿಂದ ಅದರ ಕತ್ತು ತಯಾರಾಯಿತು. ಅದರಲ್ಲಿ ಮೂರು ಪಿಕಪ್, ಪ್ರತಿಯೊಂದಕ್ಕೂ ಎರಡೆರಡು ಸ್ವಿಚ್: ಒಂದು ಆನ್-ಆಫ್‌ಗೆ, ಇನ್ನೊಂದು ಫೇಸ್, ಅಂದರೆ ಸಿಗ್ನಲ್ಲಿನ ಏರಿಳಿತದ ದಿಕ್ಕು, ತಿರುಗಿಸಲು. ಆರು ಸ್ವಿಚ್ ಎಂದರೆ ಕಾಗದದ ಮೇಲೆ 64 ಸ್ಥಿತಿಗಳು. ಆಫ್ ಆದ ಪಿಕಪ್ಪಿನ ಫೇಸ್ ಹೇಗಿದ್ದರೂ ಒಂದೇ. ಎಲ್ಲದರ ಫೇಸನ್ನೂ ಒಟ್ಟಿಗೆ ತಿರುಗಿಸಿದರೂ ಕಿವಿಗೆ ಬದಲಾವಣೆ ಇಲ್ಲ. ಹೀಗೆ ಕಳೆಯುತ್ತ ಹೋದರೆ ನಿಜವಾಗಿ ಬೇರೆಬೇರೆಯಾದ ನಾದಗಳು 13 ಮಾತ್ರ ಉಳಿಯುತ್ತವೆ.

ನಾನು ಮೊದಲು ಬರೆದ ನಕ್ಷೆಯಲ್ಲಿ ಈ ಕಳೆಯುವ ಲೆಕ್ಕವೇ ಇರಲಿಲ್ಲ. ಎರಡು ಹಂಬಕರ್ (ಎರಡು ಸುರುಳಿಗಳ ಪಿಕಪ್), ನಡುವೆ ಒಂದು ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು), ಸುತ್ತ ಪುಟ್ಟ ಟಾಗಲ್‌ಗಳ ಸಾಲು. ಮಾಡಿಸಿಕೊಂಡ ಹುಡುಗ ಒಂದು ಸ್ಥಿತಿಗೆ ಇಟ್ಟು ಮತ್ತೆ ಅದನ್ನು ಮುಟ್ಟಲೇ ಇಲ್ಲ. ಈಗ ಮರಕ್ಕೆ ತೂತು ಕೊರೆಯುವ ಮುನ್ನ ಎಲ್ಲ ಜೋಡಣೆಗಳನ್ನೂ ಮೇಜಿನ ಮೇಲೆ ಕ್ಲಿಪ್ ವೈರುಗಳಲ್ಲಿ ಕಟ್ಟಿ, ಒಂದೇ ಸಂಗೀತದ ತುಣುಕನ್ನು ಎಲ್ಲದರಲ್ಲೂ ರೆಕಾರ್ಡ್ ಮಾಡುತ್ತೇನೆ. ವಾದಕರಿಗೆ ಹೆಸರು ಹೇಳದೆ ಕೇಳಿಸುತ್ತೇನೆ. ಅವರ ಕಿವಿಗೆ ಬೇರೆಯೆಂದು ಗೊತ್ತಾಗದ್ದು ನಕ್ಷೆಯಿಂದ ಹೊರಗೆ.

2. ಹಂಬಕರನ್ನು ಸೀಳುವ ಮೊದಲು ಅದು ಹುಟ್ಟಿದ ಕಾರಣ ನೆನಪಿರಲಿ

ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಹಂಬಕರ್‌ಗೆ ಪೇಟೆಂಟ್ ಅರ್ಜಿ ಹಾಕಿದರು, 1959ರಲ್ಲಿ ಅದು ಸಿಕ್ಕಿತು. ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ ಎರಡು ಸುರುಳಿಗಳು, ವಿರುದ್ಧ ಧ್ರುವದ ಅಯಸ್ಕಾಂತ. ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಹೊರಗಿನ ಗುಂಯ್‌ಗುಟ್ಟುವಿಕೆ ಕಳೆದುಹೋಗುತ್ತದೆ. ಕಾಯಿಲ್ ಸ್ಪ್ಲಿಟ್ ಎಂದರೆ ಅದರಲ್ಲಿ ಒಂದು ಸುರುಳಿಯ ಬಾಯಿ ಮುಚ್ಚಿಸುವುದು. ತೆಳುವಾದ, ಹೊಳೆಯುವ ನಾದ ಸಿಗುತ್ತದೆ. ಜೊತೆಗೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್ ಕೂಡ ವಾಪಸ್ ಬರುತ್ತದೆ. ಮನೆಯಲ್ಲಿ ಅಷ್ಟು ತಿಳಿಯುವುದಿಲ್ಲ. ಡಿಮ್ಮರ್ ದೀಪಗಳಿರುವ ಸಭಾಂಗಣದಲ್ಲಿ, ಹಾಡಿನ ನಡುವೆ ಕೈ ನಿಲ್ಲಿಸಿದ ಕ್ಷಣ ಕೇಳುತ್ತದೆ. ನಾನು ಮಾಡಿಕೊಟ್ಟ ಗಿಟಾರಿನಲ್ಲಿ ಹಾಗೆ ಕೇಳಿದ ದಿನ ವಾದಕನ ಮುಖ ನೋಡಲು ನನಗೆ ಕಷ್ಟವಾಯಿತು.

ಈ ಗುಂಯ್ ತಪ್ಪಿಸಲು ದಾರಿಗಳಿವೆ. ಎರಡು ಹಂಬಕರ್‌ಗಳನ್ನೂ ಸೀಳಿ ಒಟ್ಟಿಗೆ ಬಳಸುವುದಾದರೆ, ಉಳಿಸಿಕೊಳ್ಳುವ ಸುರುಳಿಗಳು ಪರಸ್ಪರ ವಿರುದ್ಧ ಧ್ರುವದವಾಗಿರಲಿ. ಗುಂಯ್ ಮತ್ತೆ ಅಡಗುತ್ತದೆ. ಒಂದೇ ಹಂಬಕರ್ ಆದರೆ ಸೀಳುವ ಬದಲು ಅದರ ಎರಡು ಸುರುಳಿಗಳನ್ನು ಸರಣಿಯಿಂದ ಸಮಾಂತರಕ್ಕೆ ಬದಲಿಸಿ. ಇಂಡಕ್ಟೆನ್ಸ್ ಕಾಲು ಭಾಗಕ್ಕೆ ಇಳಿದು ನಾದ ತಿಳಿಯಾಗುತ್ತದೆ, ಗುಂಯ್ ಬರುವುದಿಲ್ಲ. ನನ್ನನ್ನು ಕೇಳಿದರೆ ಸಮಾಂತರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

3. ವೈರಿನ ಬಣ್ಣ ನಂಬಬೇಡಿ, ಮೀಟರ್ ನಂಬಿ

ಸೀಮೋರ್ ಡಂಕನ್ ಕಂಪನಿಯ ಹಂಬಕರ್‌ನಲ್ಲಿ ಕಪ್ಪು ವೈರು ಸಿಗ್ನಲ್ ಹೊರಬರುವ ದಾರಿ. ಡಿಮಾರ್ಜಿಯೋ ಕಂಪನಿಯದರಲ್ಲಿ ಸಿಗ್ನಲ್‌ನದು ಕೆಂಪು. ಅಲ್ಲಿ ಕಪ್ಪು ಬಿಳಿಯ ಜೊತೆ ಸೇರಿ ಎರಡು ಸುರುಳಿಗಳನ್ನು ಬೆಸೆಯುತ್ತದೆ. ಇದು ತಿಳಿಯದೆ ನಾನು ಒಂದರ ಬಣ್ಣವನ್ನು ಇನ್ನೊಂದಕ್ಕೆ ಹೊಂದಿಸಿ ಇಡೀ ಜೋಡಣೆಯನ್ನು ಬಿಚ್ಚಬೇಕಾಯಿತು. ಈಗ ಹಳೆಯ ಮುಳ್ಳಿನ ಮಲ್ಟಿಮೀಟರನ್ನು ಸುರುಳಿಯ ಎರಡು ತುದಿಗೆ ಹಚ್ಚಿ, ಸ್ಕ್ರೂಡ್ರೈವರಿನ ತುದಿಯನ್ನು ಪಿಕಪ್ಪಿನ ಕಂಬಕ್ಕೆ ತಾಗಿಸಿ ಫಕ್ಕನೆ ಕೀಳುತ್ತೇನೆ. ಮುಳ್ಳು ಬಲಕ್ಕೆ ಹಾರಿತೋ ಎಡಕ್ಕೋ ಬರೆದಿಡುತ್ತೇನೆ. ಎಲ್ಲ ಸುರುಳಿಗೂ ಹೀಗೆ ಮಾಡಿದರೆ ಯಾವುದು ಯಾವುದಕ್ಕೆ ಫೇಸ್‌ನಲ್ಲಿದೆ ಎಂದು ಬೆಸುಗೆಗೆ ಮೊದಲೇ ತಿಳಿಯುತ್ತದೆ.

4. ಪಾಟ್ ಕೂಡ ನಾದದ ಭಾಗ, ಕೇಬಲ್ ಕೂಡ

ಪಿಕಪ್ ಚೆನ್ನಾಗಿದ್ದರೆ ಸಾಕು, ವೋಲ್ಯೂಮ್ ಪಾಟ್ ಯಾವುದಾದರೇನು ಎಂದುಕೊಂಡಿದ್ದೆ. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಎನ್ನುವುದು ರೂಢಿ. ಅದಕ್ಕೆ ಕಾರಣ ಇದೆ. ಪಿಕಪ್ಪಿನ ಸುರುಳಿಯೂ ಕೇಬಲ್ಲಿನ ಕೆಪಾಸಿಟೆನ್ಸೂ ಸೇರಿ ಒಂದು ಆವರ್ತನದಲ್ಲಿ ನಾದವನ್ನು ಎತ್ತಿ ಹಿಡಿಯುತ್ತವೆ. ಆ ಏರು ಎಷ್ಟು ಚೂಪಾಗಿರಬೇಕು ಎಂಬುದನ್ನು ಪಾಟ್ ತೀರ್ಮಾನಿಸುತ್ತದೆ. ಸುಮಾರು 2.5 ಹೆನ್ರಿಯ ಸಿಂಗಲ್ ಕಾಯಿಲ್‌ಗೆ ಐದು ಮೀಟರ್ ಕೇಬಲ್ ಹಾಕಿದರೆ ಆ ಏರು 4 ಕಿಲೋ ಹರ್ಟ್ಸ್ ಹತ್ತಿರ ಇರುತ್ತದೆ. ಹತ್ತು ಮೀಟರ್ ಹಾಕಿದರೆ 3ರ ಹತ್ತಿರ ಇಳಿಯುತ್ತದೆ. ಅದೇ ಗಿಟಾರ್, ಬೇರೆ ಮನುಷ್ಯನ ದನಿ. ಆದ್ದರಿಂದ ವಾದಕರು ವೇದಿಕೆಯಲ್ಲಿ ಬಳಸುವ ಕೇಬಲನ್ನೇ ತರಲು ಹೇಳಿ ಅದರಲ್ಲೇ ಕೇಳಬೇಕು.

ಎರಡು ಬಗೆಯ ಪಿಕಪ್ ಒಂದೇ ಗಿಟಾರಿನಲ್ಲಿದ್ದರೆ 500ರ ಪಾಟ್ ಹಾಕಿ. ಸಿಂಗಲ್ ಕಾಯಿಲ್‌ಗೆ ಬಂದಾಗ ಸ್ವಿಚ್ಚಿನಲ್ಲಿ ಉಳಿದ ಒಂದು ಪೋಲ್ (ಒಟ್ಟಿಗೇ ಬದಲಾಗುವ ಸಂಪರ್ಕಗಳ ಒಂದು ಸಾಲು) ಬಳಸಿ 470 ಕಿಲೋ ಓಮ್ ರೆಸಿಸ್ಟರನ್ನು ಪಾಟಿಗೆ ಸಮಾಂತರವಾಗಿ ಸೇರಿಸಿದರೆ ಹೆಚ್ಚುಕಡಿಮೆ 250ರ ಲೆಕ್ಕಕ್ಕೆ ಬರುತ್ತದೆ. ಅಂಗಡಿಯಲ್ಲೇ ಮೀಟರ್ ಹಚ್ಚಿ ನೋಡಿ ಕೊಳ್ಳಿ. ಮೇಲೆ 500 ಎಂದು ಬರೆದದ್ದು ಒಳಗೆ 400 ಇರುವುದು ತೀರಾ ಸಾಮಾನ್ಯ.

5. ಕತ್ತಲಲ್ಲಿ ಕೈಗೆ ಸಿಗಬೇಕು

1954ರ ಫೆಂಡರ್ ಸ್ಟ್ರಾಟೋಕಾಸ್ಟರ್‌ನಲ್ಲಿ ಮೂರು ಸ್ಥಾನದ ಸ್ವಿಚ್ ಇತ್ತು. ವಾದಕರು ಅದನ್ನು ಎರಡು ಸ್ಥಾನಗಳ ನಡುವೆ ಸಿಕ್ಕಿಸಿ ಹೊಸ ನಾದ ಕಂಡುಕೊಂಡರು. ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ಚನ್ನು ತಾನಾಗಿ ಹಾಕಿಕೊಡಲು 1977 ಬರಬೇಕಾಯಿತು. ನುಡಿಸುವ ಕೈ ನಕ್ಷೆ ಬರೆಯುವವರಿಗಿಂತ ಮುಂದೆ ಇರುತ್ತದೆ ಎನ್ನಲು ನನಗೆ ಈ ಒಂದು ಉದಾಹರಣೆ ಸಾಕು.

ನಾನೊಮ್ಮೆ ಫೇಸ್ ಸ್ವಿಚ್ಚನ್ನು ಮೊದಲ ತಂತಿಯ ಕೆಳಗೇ ಇಟ್ಟೆ. ಜೋರಾಗಿ ಸ್ಟ್ರಮ್ ಮಾಡಿದಾಗಲೆಲ್ಲ ಬೆರಳು ತಾಗಿ ನಾದ ಸೊರಗುತ್ತಿತ್ತು. ಎರಡು ಪಿಕಪ್ ವಿರುದ್ಧ ಫೇಸ್‌ನಲ್ಲಿದ್ದರೆ ಕೆಳದನಿಗಳು ಪರಸ್ಪರ ಕಳೆದುಕೊಂಡು ಸದ್ದೇ ತಗ್ಗುತ್ತದೆ, ಡ್ರಮ್ಸ್ ನಡುವೆ ಗಿಟಾರ್ ಕೇಳುವುದೇ ಇಲ್ಲ. ಮರಕ್ಕೆ ಕೊರೆದ ತೂತು ಮುಚ್ಚುವಂತಿಲ್ಲವಲ್ಲ. ಅಂದಿನಿಂದ ದಪ್ಪ ರಟ್ಟಿನಲ್ಲಿ ಗಿಟಾರಿನ ಮುಖ ಕತ್ತರಿಸಿ, ನಾಬ್‌ಗಳನ್ನೂ ಸ್ವಿಚ್‌ಗಳನ್ನೂ ಅದಕ್ಕೆ ಕೂರಿಸಿ, ವಾದಕರ ಹಳೆಯ ಗಿಟಾರಿನ ಮೇಲೆ ಕಟ್ಟಿಕೊಡುತ್ತೇನೆ. ಒಂದು ವಾರ ಅದರಲ್ಲೇ ಅಭ್ಯಾಸ ಮಾಡಿ ಬನ್ನಿ, ಆಮೇಲೆ ಡ್ರಿಲ್ ಎತ್ತೋಣ ಎನ್ನುತ್ತೇನೆ. ನನ್ನ ನೆಚ್ಚಿನ ಜೋಡಣೆ ಈಗ ಇಷ್ಟೇ: ನಾಲ್ಕು ಪೋಲ್‌ಗಳ ಒಂದು ಐದು ಸ್ಥಾನದ ಸ್ವಿಚ್, ಅದರಲ್ಲಿ ವಾದಕರೇ ಆರಿಸಿದ ಐದು ನಾದ, ವಿಶೇಷಕ್ಕೆಂದು ಟೋನ್ ನಾಬ್‌ನಲ್ಲಿ ಒಂದು ಪುಷ್-ಪುಲ್ (ಎಳೆದು ಒತ್ತಿದರೆ ಸ್ವಿಚ್ಚಾಗುವ ಪಾಟ್).

6. ಕುಳಿಯ ಆಳ ಮೊದಲೇ ಅಳೆಯಿರಿ

ಪುಷ್-ಪುಲ್ ಪಾಟ್ ಮಾಮೂಲಿ ಪಾಟಿಗಿಂತ ಬಹಳ ಉದ್ದ. ಗಿಟಾರಿನ ಒಡಲು ಸುಮಾರು 45 ಮಿಲಿಮೀಟರ್ ದಪ್ಪ. ಮೇಲಿನ ಮರ, ಹಿಂದಿನ ಮುಚ್ಚಳ ಕಳೆದರೆ ಉಳಿಯುವುದು ಕಡಿಮೆ. ಬಿಡಿಭಾಗ ಕೈಗೆ ಬಂದ ಮೇಲೆಯೇ ಕುಳಿ ತೋಡಿ. ಬ್ಯಾಟರಿ ಬೇಕಾದ ಪ್ರೀಆಂಪ್ ಇದ್ದರೆ 9 ವೋಲ್ಟ್ ಬ್ಯಾಟರಿಗೆ ಪ್ರತ್ಯೇಕ ಗೂಡು ಬಿಡಿ, ಬದಲಿಸಲು ಎಲ್ಲ ಸ್ಕ್ರೂ ಬಿಚ್ಚುವ ಹಾಗಿರಬಾರದು.

7. ತಂತಿ ಅರ್ತಿಗೆ ಸೇರಿದೆ, ಮುಟ್ಟುವವರು ಮನುಷ್ಯರು

ಕುಳಿಗೆ ತಾಮ್ರದ ಟೇಪ್ ಹೊದಿಸುವುದು, ತುಂಡು ತುಂಡಿಗೂ ಬೆಸುಗೆ ಕೊಟ್ಟು ಒಂದಾಗಿಸುವುದು, ಬ್ರಿಡ್ಜ್‌ನಿಂದ ಅರ್ತ್ ವೈರು ಎಳೆಯುವುದು ಎಲ್ಲರೂ ಹೇಳುವ ಪಾಠ. ನಾನು ಕೈಮುಗಿದು ಹೇಳುವುದು ಮುಂದಿನದು. ಆ ಅರ್ತ್ ವೈರಿನಿಂದಾಗಿ ಗಿಟಾರಿನ ಲೋಹದ ತಂತಿಗಳು ಆಂಪ್‌ನ ಚಾಸಿಗೆ ನೇರವಾಗಿ ಸೇರಿರುತ್ತವೆ. ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಕಂಬದಿಂದ ಎಳೆದ ತಾತ್ಕಾಲಿಕ ಕರೆಂಟು, ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಾಕ್ಸ್, ಅರ್ತ್ ಪಿನ್ ಮುರಿದ ಪ್ಲಗ್ ನೀವೂ ನೋಡಿರುತ್ತೀರಿ. ಆಂಪ್‌ನಲ್ಲಿ ಸೋರಿದ ಕರೆಂಟಿಗೆ ಬೇರೆ ದಾರಿ ಇಲ್ಲದಿದ್ದರೆ, ಕೈ ತಂತಿಯ ಮೇಲೆ ಇರುವಾಗ ತುಟಿ ಮೈಕಿಗೆ ತಾಗಿದರೆ ಸಾಕು. 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ಸರಿಯಾಗಿ ಅರ್ತ್ ಆಗದ ಮೈಕ್ ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ಗಿಟಾರ್ ಕೊಡುವಾಗ ಒಂದು ಟೆಸ್ಟರನ್ನೂ ಕೊಡುತ್ತೇನೆ. ನುಡಿಸುವ ಮೊದಲು ತಂತಿಗೂ ಮೈಕಿನ ಜಾಲರಿಗೂ ಅದನ್ನು ತಾಗಿಸಿ ನೋಡಲು, ಬೆಳಗಿದರೆ ಮುಟ್ಟದೆ ಎಲೆಕ್ಟ್ರೀಷಿಯನ್ನರನ್ನು ಕರೆಯಲು ಹೇಳುತ್ತೇನೆ. ಬೆಳಗದಿದ್ದರೂ ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂದು ಅವರಿಂದ ನೋಡಿಸಿಯೇ ನುಡಿಸಿ.

8. ನಕ್ಷೆ ಗಿಟಾರಿನ ಒಳಗೇ ಇರಲಿ

ನಾನೇ ಮಾಡಿದ ಗಿಟಾರ್ ವರ್ಷಗಳ ನಂತರ ರಿಪೇರಿಗೆ ಬಂದಾಗ ಯಾವ ವೈರು ಎಲ್ಲಿಗೆ ಎಂದು ನನಗೇ ತಿಳಿಯಲಿಲ್ಲ. ಬೇರೆಯವರ ಕೈಗೆ ಸಿಕ್ಕಿದ್ದರೆ ಎಲ್ಲವನ್ನೂ ಕಿತ್ತು ಮಾಮೂಲಿ ವೈರಿಂಗ್ ಮಾಡಿಬಿಡುತ್ತಿದ್ದರು, ಅವರನ್ನು ದೂರುವಂತೆಯೂ ಇಲ್ಲ. ನೀವು ಇಂಥ ಗಿಟಾರ್ ಮಾಡುವವರಾದರೆ ಪೂರ್ತಿ ನಕ್ಷೆ, ಪಾಟ್‌ಗಳ ಅಳತೆ, ಸುರುಳಿಗಳ ದಿಕ್ಕು ಬರೆದು ಲ್ಯಾಮಿನೇಟ್ ಮಾಡಿಸಿ ಹಿಂಬದಿಯ ಮುಚ್ಚಳದ ಒಳಗೆ ಅಂಟಿಸಿ. ಮಾಡಿಸಿಕೊಳ್ಳುವವರಾದರೆ ಆ ನಕ್ಷೆ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ.