ಬ್ರಾಡ್‌ಬ್ಯಾಂಡ್ ಜಾಲದ ನ್ಯಾಯಸಮ್ಮತ ಹಂಚಿಕೆ ಮತ್ತು ಸುರಕ್ಷತೆ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಪಡೆಯಲು ಪಂಚಾಯಿತಿ ಕಚೇರಿಗೆ ಬಂದವರಿಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಬಹು ಪರಿಚಿತವಾದದ್ದು. ಕೂಲಿ ಬಿಟ್ಟು ಬಂದವರಿಗೆ ಆ ನಾಳೆಯ ಬೆಲೆ ಇನ್ನೊಂದು ದಿನದ ಕೂಲಿ. ಆದರೆ ‘ಸರ್ವರ್’ ಎಂಬ ಒಂದೇ ಮಾತಿನ ಅಡಿಯಲ್ಲಿ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಬೆಂಗಳೂರಿನ ದತ್ತಾಂಶ ಕೇಂದ್ರದ ಗಣಕಯಂತ್ರವೇ ನಿಂತಿರಬಹುದು. ದಾರಿಯಲ್ಲಿ ಎಲ್ಲೋ ಕೇಬಲ್ ತುಂಡಾಗಿರಬಹುದು. ಸೇವೆ ನೀಡುವ ಸಂಸ್ಥೆಯ ಜಾಲದಲ್ಲಿ ದಟ್ಟಣೆ ಉಂಟಾಗಿರಬಹುದು. ಕಚೇರಿಯ ಮೂಲೆಯಲ್ಲಿರುವ ರೌಟರ್ ಕೆಟ್ಟಿರಬಹುದು. ಮೊದಲನೆಯ ದೋಷದ ಬಗ್ಗೆ ಪಂಚಾಯಿತಿಯು ಪತ್ರ ಬರೆಯುವುದನ್ನುಳಿದು ಹೆಚ್ಚೇನೂ ಮಾಡಲಾಗದು. ಉಳಿದ ಮೂರರಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳಿವೆ, ವಹಿಸಬೇಕಾದ ಹೊಣೆಯೂ ಇದೆ. ಅದಕ್ಕೆ ಅಗತ್ಯವಾದ ತಿಳಿವಳಿಕೆಯಷ್ಟೇ ಈ ಪಾಠದ ವಿಷಯ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ತಲುಪಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸರ್ಕಾರವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಮುಂದೆ ಅದಕ್ಕೆ ‘ಭಾರತ್‌ನೆಟ್’ ಎಂಬ ಹೆಸರು ಬಂದಿತು. ಈ ಬಗೆಯ ಜಾಲದಲ್ಲಿ ಕೇಂದ್ರ ಸ್ಥಾನದ ಯಂತ್ರದಿಂದ ಹೊರಡುವ ಗಾಜಿನ ಒಂದೇ ಎಳೆ ದಾರಿಯಲ್ಲಿ ಕವಲೊಡೆದು 32 ಅಥವಾ 64 ಸಂಪರ್ಕಗಳನ್ನು ಮುಟ್ಟುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಆ ಎಳೆಯು ಹೊತ್ತು ತರುವ ಒಟ್ಟು ಸಾಮರ್ಥ್ಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹಿಂದಿರುಗಿ ಕಳುಹಿಸುವ ಸಾಮರ್ಥ್ಯ ಅದರ ಅರ್ಧ, ಅಂದರೆ ಸುಮಾರು 1.25 ಗಿಗಾಬಿಟ್. ದಾಖಲೆಗಳನ್ನು ನೋಡುವುದು ಬೇಗ ಆಗುತ್ತದೆ, ಏರಿಸುವುದು ನಿಧಾನ ಎಂದು ಸಿಬ್ಬಂದಿ ಹೇಳುವ ಮಾತಿಗೆ ಇದೂ ಒಂದು ಕಾರಣ.

ದಾವಣಗೆರೆ ನಗರದ ಬಡಾವಣೆಯಲ್ಲಾಗಲಿ, ಹರಿಹರ ತಾಲ್ಲೂಕಿನ ಹಳ್ಳಿಯಲ್ಲಾಗಲಿ, ‘100 ಎಂಬಿಪಿಎಸ್’ ಎಂದು ಮಾರಾಟವಾಗುವ ಸಂಪರ್ಕವು ಆ ಮನೆಗೇ ಮೀಸಲಾದ 100 ಎಂಬಿಪಿಎಸ್ ಅಲ್ಲ. ಒಂದೇ ಸಾಮರ್ಥ್ಯವನ್ನು ಹಲವು ಗ್ರಾಹಕರು ಹಂಚಿಕೊಳ್ಳುತ್ತಾರೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2009ರ ಮಾರ್ಗಸೂಚಿಯಲ್ಲಿ ಈ ಹಂಚಿಕೆಯ ಪ್ರಮಾಣವನ್ನು ಗೃಹ ಬಳಕೆಗೆ 1:50 ಎಂದೂ ವ್ಯವಹಾರ ಬಳಕೆಗೆ 1:30 ಎಂದೂ ಸೂಚಿಸಿತ್ತು. ಐವತ್ತು ಮನೆಗಳಿಗೆ 100 ಎಂಬಿಪಿಎಸ್ ಎಂದಾದರೆ, ಐವತ್ತೂ ಮನೆಯವರು ಒಂದೇ ಕ್ಷಣದಲ್ಲಿ ಪೂರ್ತಿ ಬಳಸಿದಾಗ ತಲಾ ಸಿಗುವುದು 2 ಎಂಬಿಪಿಎಸ್. ವಾಸ್ತವದಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ ಬಳಸುವುದಿಲ್ಲವಾದ್ದರಿಂದ ವ್ಯವಸ್ಥೆ ನಡೆಯುತ್ತದೆ. ಹಂಚಿಕೆಯೇ ಮೋಸವಲ್ಲ. ಹಂಚಿಕೆಯ ಪ್ರಮಾಣವನ್ನು ಮುಚ್ಚಿಟ್ಟು, ಅಳತೆ ಮೀರಿ ಗ್ರಾಹಕರನ್ನು ಸೇರಿಸಿಕೊಳ್ಳುತ್ತ ಹೋಗುವುದು ಮೋಸ.

ಭದ್ರಾ ಅಚ್ಚುಕಟ್ಟಿನ ಪಂಚಾಯಿತಿಗಳ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಕವಳ್ಳಿಯ ಜಲಾಶಯದಿಂದ ಬಲದಂಡೆ ನಾಲೆಗೆ ಬಿಟ್ಟ ನೀರು ದಾವಣಗೆರೆ ಮತ್ತು ಮಲೇಬೆನ್ನೂರು ಶಾಖಾ ನಾಲೆಗಳನ್ನು ಹಾದು, ಉಪನಾಲೆ, ತೂಬು, ಹೊಲಗಾಲುವೆಗಳ ಮೂಲಕ ಗದ್ದೆ ಸೇರುತ್ತದೆ. ನೀರು ಸಾಲದ ವರ್ಷ ಸರದಿ ಗೊತ್ತುಮಾಡುತ್ತಾರೆ. ಸರದಿಯನ್ನು ಮೊದಲೇ ಸಾರಿ, ಎಲ್ಲರಿಗೂ ಒಂದೇ ನಿಯಮದಂತೆ ನಡೆಸಿದರೆ ಕೊನೆ ಭಾಗದ ರೈತನೂ ಒಪ್ಪುತ್ತಾನೆ. ಮೇಲ್ಭಾಗದಲ್ಲಿ ನಾಲೆಗೆ ಪಂಪ್‌ಸೆಟ್ ಇಟ್ಟು ನೀರೆತ್ತಿದಾಗ, ಅಥವಾ ಬೇಕಾದವರ ತೂಬನ್ನು ರಾತ್ರಿ ಎತ್ತಿ ಬಿಟ್ಟಾಗ ಜಗಳ ಹುಟ್ಟುತ್ತದೆ. ದತ್ತಾಂಶದ ಹಂಚಿಕೆಯೂ ಹೀಗೆಯೇ. ಜಿಪಾನ್ ಜಾಲದಲ್ಲಿ ಹಿಂದಿರುಗುವ ದತ್ತಾಂಶಕ್ಕೆ ನಿಜವಾಗಿಯೇ ಸರದಿ ಇದೆ: ಪ್ರತಿ ಸಂಪರ್ಕಕ್ಕೂ ಸೆಕೆಂಡಿನ ಅತಿ ಸಣ್ಣ ಭಾಗಗಳನ್ನು ಯಂತ್ರವು ಗೊತ್ತುಮಾಡಿಕೊಡುತ್ತದೆ, ಹೆಚ್ಚು ಕೇಳಿದವರಿಗೆ ಹೆಚ್ಚು ಕೊಟ್ಟರೂ ಇತರರ ಪಾಲಿನ ಕನಿಷ್ಠವನ್ನು ಮುಟ್ಟುವುದಿಲ್ಲ. ಹೋಲಿಕೆ ಒಂದು ಕಡೆ ಮಾತ್ರ ಸರಿಹೊಂದದು. ನಾಲೆಯ ನೀರು ಯಾವ ಬೆಳೆಗೆ ಹೋಗುತ್ತದೆ ಎಂದು ಸರ್ಕಾರ ಕೇಳಬಹುದು, ಭತ್ತದ ಬದಲು ಅರೆ ನೀರಾವರಿ ಬೆಳೆ ಬೆಳೆಯಿರಿ ಎಂದು ಹೇಳಲೂಬಹುದು. ತನ್ನ ಎಳೆಯಲ್ಲಿ ಹರಿಯುವ ದತ್ತಾಂಶದ ಒಳಗೇನಿದೆ ಎಂಬುದನ್ನು ನೋಡಿ ಒಂದನ್ನು ಮುಂದೆ ಬಿಟ್ಟು ಇನ್ನೊಂದನ್ನು ತಡೆಯುವ ಅಧಿಕಾರ ಇಂಟರ್ನೆಟ್ ಸಂಸ್ಥೆಗೆ ಇಲ್ಲ.

ಈ ತತ್ತ್ವವು ನಮ್ಮ ದೇಶದಲ್ಲಿ ತಾನಾಗಿ ಬಂದುದಲ್ಲ. 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಸಂಸ್ಥೆಯು ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿ, ವಿರೋಧ ಎದ್ದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಮರುವರ್ಷ ಫೇಸ್‌ಬುಕ್ ಸಂಸ್ಥೆಯು ಆಯ್ದ ಕೆಲವು ಜಾಲತಾಣಗಳನ್ನು ಮಾತ್ರ ಉಚಿತವಾಗಿ ನೋಡಲು ಬಿಡುವ ‘ಫ್ರೀ ಬೇಸಿಕ್ಸ್’ ಯೋಜನೆಯನ್ನು ಮುಂದಿಟ್ಟಿತು. ಬಡವರಿಗೆ ಉಚಿತ ಎಂಬ ಮಾತು ಕೇಳಲು ಹಿತವಾಗಿಯೇ ಇತ್ತು. ಆದರೆ ಯಾವುದು ಉಚಿತ ಎಂದು ತೀರ್ಮಾನಿಸುವವರು ಕಂಪನಿಯವರಾಗಿದ್ದರು. ಚರ್ಚೆಯ ಕಾಲದಲ್ಲಿ ಟ್ರಾಯ್‌ಗೆ ದೇಶದ ಮೂಲೆಮೂಲೆಗಳಿಂದ ಲಕ್ಷಗಟ್ಟಲೆ ಇ-ಪತ್ರಗಳು ಬಂದವು. 2016ರ ಫೆಬ್ರವರಿ 8ರಂದು ಟ್ರಾಯ್ ಹೊರಡಿಸಿದ ವಿನಿಯಮವು ದತ್ತಾಂಶದ ಒಳಹುರುಳನ್ನು ಆಧರಿಸಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಉಲ್ಲಂಘನೆಗೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷ ರೂಪಾಯಿ ದಂಡ ಗೊತ್ತುಮಾಡಿತು. ದರದ ಪ್ರಶ್ನೆ ಹೀಗೆ ಮುಗಿಯಿತು. ವೇಗದ ಪ್ರಶ್ನೆ ಉಳಿದಿತ್ತು. 2018ರ ಜುಲೈ 31ರಂದು ದೂರಸಂಪರ್ಕ ಇಲಾಖೆಯು ಜಾಲ ತಟಸ್ಥತೆಯ ಚೌಕಟ್ಟನ್ನು ಅಂಗೀಕರಿಸಿ, ಒಳಹುರುಳನ್ನು ನೋಡಿ ತಡೆಯುವುದು, ನಿಧಾನಗೊಳಿಸುವುದು, ಆದ್ಯತೆ ನೀಡುವುದು ಸಲ್ಲದೆಂಬ ನಿಯಮವನ್ನು ಪರವಾನಗಿ ಷರತ್ತುಗಳ ಭಾಗವಾಗಿಸಿತು.

ದಟ್ಟಣೆಯ ಹೊತ್ತಿನಲ್ಲಿ ಸಂಸ್ಥೆ ಕೈಕಟ್ಟಿ ಕೂರಬೇಕೆಂದು ಇದರ ಅರ್ಥವಲ್ಲ. ಸಂಚಾರ ನಿಯಂತ್ರಣದ ಕ್ರಮಗಳಿಗೆ ಅವಕಾಶವಿದೆ. ಅವು ಸಕಾರಣವಾಗಿರಬೇಕು, ತಾತ್ಕಾಲಿಕವಾಗಿರಬೇಕು, ಅಗತ್ಯಕ್ಕೆ ಮೀರಿರಬಾರದು, ಗ್ರಾಹಕರಿಗೆ ತಿಳಿಸಿರಬೇಕು. ತುರ್ತು ಸೇವೆ, ಜಾಲದ ಸುರಕ್ಷತೆ, ನ್ಯಾಯಾಲಯದ ಅಥವಾ ಸರ್ಕಾರದ ಕಾನೂನುಬದ್ಧ ಆದೇಶ ಇವುಗಳಿಗೂ ವಿನಾಯಿತಿ ಇದೆ. ಸರಿಯಾದ ಕ್ರಮ ಯಾವುದೆಂಬುದಕ್ಕೆ ಅಮೆರಿಕದ ಕಾಮ್‌ಕಾಸ್ಟ್ ಸಂಸ್ಥೆಯ ಪ್ರಕರಣ ಒಳ್ಳೆಯ ನಿದರ್ಶನ. 2007ರಲ್ಲಿ ಅದು ಕಡತ ಹಂಚಿಕೆಯ ಒಂದು ಬಗೆಯ ತಂತ್ರಾಂಶದ ಸಂಪರ್ಕಗಳನ್ನು ಗ್ರಾಹಕರಿಗೆ ಹೇಳದೆ ಕಡಿಯುತ್ತಿದ್ದುದು ಬಯಲಾಯಿತು. 2008ರ ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಣ ಆಯೋಗ ಅದನ್ನು ತಪ್ಪೆಂದಿತು. ಬಳಿಕ ಸಂಸ್ಥೆಯು ಬೇರೆ ವಿಧಾನಕ್ಕೆ ಬಂದಿತು. ಒಂದು ಪ್ರದೇಶದ ಜಾಲ ನಿಜವಾಗಿ ತುಂಬಿದಾಗ ಮಾತ್ರ, ಆಗ ಅತಿಯಾಗಿ ಬಳಸುತ್ತಿರುವ ಗ್ರಾಹಕರ ದತ್ತಾಂಶವನ್ನು ಸ್ವಲ್ಪ ಹೊತ್ತು ಸರದಿಯಲ್ಲಿ ಹಿಂದಕ್ಕೆ ಹಾಕುವುದು. ಅವರ ಬಳಕೆ ಇಳಿದೊಡನೆ ಮೊದಲಿನಂತೆ ಬಿಡುವುದು. ಅವರು ಏನು ನೋಡುತ್ತಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಎಂಬುದು ಮಾತ್ರ ಲೆಕ್ಕ. ವಿಧಾನವನ್ನು ವಿವರವಾಗಿ ಪ್ರಕಟಿಸಲಾಯಿತು ಕೂಡ.

‘ಮಿತಿಯಿಲ್ಲದ’ ಎಂದು ಜಾಹೀರಾತು ಮಾಡುವ ಯೋಜನೆಗಳಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಮಿತಿ ಇರುವುದುಂಟು: ತಿಂಗಳಿಗೆ ಇಂತಿಷ್ಟು ಬಳಸಿದ ಮೇಲೆ ವೇಗ ಇಳಿಯುತ್ತದೆ. ಇಳಿದ ಮೇಲೂ ಸ್ಥಿರ ಬ್ರಾಡ್‌ಬ್ಯಾಂಡ್‌ನಲ್ಲಿ ವೇಗವು 512 ಕೆಬಿಪಿಎಸ್‌ಗಿಂತ ಕೆಳಗೆ ಹೋಗಬಾರದೆಂದೂ, ಮಿತಿಯ ವಿವರವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದೂ ಟ್ರಾಯ್ 2016ರ ಅಕ್ಟೋಬರ್‌ನಲ್ಲಿ ನಿರ್ದೇಶಿಸಿತು. 2023ರ ಜನವರಿಯಿಂದ ‘ಬ್ರಾಡ್‌ಬ್ಯಾಂಡ್’ ಎಂಬ ಹೆಸರಿಗೇ ಕನಿಷ್ಠ 2 ಎಂಬಿಪಿಎಸ್ ವೇಗ ಅಗತ್ಯ. ಪಂಚಾಯಿತಿ ನಿಧಿಯಿಂದ ಸಂಪರ್ಕ ಪಡೆಯುವಾಗ ಬಿಲ್ಲಿನ ಮೊತ್ತಕ್ಕಿಂತ ಮೊದಲು ಈ ಮಿತಿಯನ್ನೂ ಏರಿಸುವ ವೇಗವನ್ನೂ ಕೇಳಿ ಬರೆಸಿಕೊಳ್ಳುವುದು ಒಳಿತು.

ಸುರಕ್ಷತೆಯ ವಿಷಯಕ್ಕೆ ಬಂದರೆ, ಜಿಪಾನ್ ಜಾಲದಲ್ಲಿ ಕೇಂದ್ರದಿಂದ ಬರುವ ಬೆಳಕು ಆ ಎಳೆಯ ಎಲ್ಲ ಸಂಪರ್ಕಗಳಿಗೂ ಹೋಗುತ್ತದೆ ಎಂಬುದು ಅನೇಕರಿಗೆ ತಿಳಿಯದು. ಊರಿನ ಧ್ವನಿವರ್ಧಕದಂತೆ ಎಲ್ಲರ ಮನೆಗೂ ಮುಟ್ಟುವ ಆ ಸಂಕೇತದಿಂದ ಪ್ರತಿ ಯಂತ್ರವೂ ತನ್ನ ಪಾಲನ್ನು ಮಾತ್ರ ಆರಿಸಿಕೊಳ್ಳುತ್ತದೆ. ಪಕ್ಕದ ಮನೆಯವರು ಓದದಂತೆ ಪ್ರತಿ ಸಂಪರ್ಕದ ದತ್ತಾಂಶವನ್ನು ಗೂಢಲಿಪಿಯಲ್ಲಿ ಕಳುಹಿಸುವ ವ್ಯವಸ್ಥೆ ಆ ತಂತ್ರಜ್ಞಾನದಲ್ಲೇ ಇದೆ. ಅದನ್ನು ಚಾಲನೆಯಲ್ಲಿ ಇಡುವುದು ಸಂಸ್ಥೆಯ ಕರ್ತವ್ಯ. ಸುಳ್ಳು ಕಳುಹಿಸುವವರ ವಿಳಾಸ ಹೊತ್ತ ದತ್ತಾಂಶ ತನ್ನ ಜಾಲದಿಂದ ಹೊರಹೋಗದಂತೆ ತಡೆಯುವುದೂ ಅದರದೇ ಕೆಲಸ.

ಆದರೆ ಜಾಲದ ಅತಿ ದುರ್ಬಲ ಜಾಗ ಗ್ರಾಹಕರ ಕೊಠಡಿಯೊಳಗಿದೆ. 2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಳಸುತ್ತಿದ್ದ ಅನೇಕರ ಮೋಡೆಮ್‌ಗಳು ಒಂದು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿ ನಿಂತುಹೋದವು. ಸಿಕ್ಕಿಬಿದ್ದವು ಕಾರ್ಖಾನೆಯಿಂದ ಬಂದಾಗಿನ ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಬದಲಿಸದೆ ಉಳಿದಿದ್ದ ಯಂತ್ರಗಳು. ಪಾಸ್‌ವರ್ಡ್ ಬದಲಿಸುವಂತೆ ಸಂಸ್ಥೆಯು ಗ್ರಾಹಕರಿಗೆ ಸೂಚನೆ ನೀಡಿತು. ಅದರ ಹಿಂದಿನ ವರ್ಷ, 2016ರ ಅಕ್ಟೋಬರ್‌ನಲ್ಲಿ, ಇದೇ ಬಗೆಯ ದುರ್ಬಲ ಪಾಸ್‌ವರ್ಡ್ ಇದ್ದ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಮಾಡಿಕೊಂಡ ‘ಮಿರಾಯ್’ ಎಂಬ ತಂತ್ರಾಂಶವು ಅಮೆರಿಕದಲ್ಲಿ ಹೆಸರಾಂತ ಜಾಲತಾಣಗಳನ್ನೇ ಗಂಟೆಗಟ್ಟಲೆ ನಿಲ್ಲಿಸಿತ್ತು. ಪಂಚಾಯಿತಿ ಕಚೇರಿಯ ರೌಟರ್‌ನ ಪಾಸ್‌ವರ್ಡ್ ಯಾರ ಬಳಿ ಇದೆ, ಕೊನೆಯ ಸಲ ಬದಲಿಸಿದ್ದು ಯಾವಾಗ, ಅದು ಗೋಡೆಯ ಮೇಲೆ ಬರೆದಿದೆಯೇ ಎಂಬ ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಿ ಕೇಳಲು ಸದಸ್ಯರು ತಂತ್ರಜ್ಞರಾಗಿರಬೇಕಿಲ್ಲ. ಕಚೇರಿಯ ವೈ-ಫೈ ಊರಿನವರಿಗೆಲ್ಲ ತೆರೆದಿದ್ದರೆ, ಆ ಮೂಲಕ ಯಾರೋ ಮಾಡಿದ ವಂಚನೆಯ ಜಾಡು ಪಂಚಾಯಿತಿಯ ಹೆಸರಿನಲ್ಲಿರುವ ಸಂಪರ್ಕಕ್ಕೇ ಬಂದು ನಿಲ್ಲುತ್ತದೆ. ಸಾರ್ವಜನಿಕ ವೈ-ಫೈ ಬೇಕೆಂದರೆ ಬಳಕೆದಾರರನ್ನು ಗುರುತಿಸುವ ಪಿಎಂ-ವಾಣಿ ಮಾದರಿ ಇದೆ. ಅದಕ್ಕೆ ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿದೆ.

ಸೈಬರ್ ಘಟನೆಗಳ ಬಗ್ಗೆ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದಂತೆ, ದಾಳಿಯ ವಿಷಯ ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಯಂತ್ರಗಳ ದಾಖಲೆಗಳನ್ನು 180 ದಿನ ಕಾಪಾಡಬೇಕು. ಇದು ಸೇವಾ ಸಂಸ್ಥೆಗಳಿಗಷ್ಟೇ ಅಲ್ಲ, ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಈ ದಾಖಲೆಗಳು ಯಾವ ಸಂಪರ್ಕ ಯಾವ ಹೊತ್ತಿನಲ್ಲಿ ಬಳಕೆಯಲ್ಲಿತ್ತು ಎಂಬುದನ್ನು ತಿಳಿಸಲು ಇರುವವು. ಅವುಗಳ ಹೆಸರಿನಲ್ಲಿ ಗ್ರಾಹಕರ ಖಾಸಗಿ ಬದುಕನ್ನು ಕೆದಕುವಂತಿಲ್ಲ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬುದನ್ನು ಇಲ್ಲಿ ನೆನೆಯಬಹುದು. ಹಣದ ವಂಚನೆಗೆ ಒಳಗಾದ ಗ್ರಾಮಸ್ಥರು ತಡಮಾಡದೆ ಕರೆ ಮಾಡಬೇಕಾದ ಸಂಖ್ಯೆ 1930.

ಉಳಿದದ್ದು ನೆಲದಡಿಯ ಕೇಬಲ್. ದಾವಣಗೆರೆ ಮತ್ತು ಹರಿಹರ ನಗರಗಳಲ್ಲಿ ಜಲಸಿರಿ ಯೋಜನೆಗಾಗಿ, ಹಳ್ಳಿಗಳಲ್ಲಿ ಜಲಜೀವನ್ ಮಿಷನ್ ಕೊಳವೆಗಳಿಗಾಗಿ ರಸ್ತೆ ಅಗೆಯಲಾಗಿದೆ. ನೀರಿನ ಕೊಳವೆ ಎಷ್ಟು ಅಗತ್ಯವೋ ಕೇಬಲ್ ಅಷ್ಟೇ ಅಗತ್ಯ. ಜೆಸಿಬಿಯ ಹಲ್ಲಿಗೆ ಎರಡೂ ಒಂದೇ. ಭಾರತ್‌ನೆಟ್‌ನ ಮೊದಲ ಹಂತಗಳಲ್ಲಿ ಕೇಬಲ್ ಒಂದೇ ದಾರಿಯಲ್ಲಿ ಸಾಗಿದ್ದರಿಂದ, ನಡುವೆ ತುಂಡಾದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲಾಗುತ್ತಿದ್ದವು. 2023ರ ಆಗಸ್ಟ್‌ನಲ್ಲಿ ಅನುಮೋದನೆ ಪಡೆದ ತಿದ್ದುಪಡಿ ಯೋಜನೆಯು ಉಂಗುರ ಮಾದರಿಯನ್ನು ಒಪ್ಪಿಕೊಂಡಿದೆ. ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ದತ್ತಾಂಶ ಬರುತ್ತದೆ. ಅಲ್ಲಿಯವರೆಗೂ, ಅದರ ನಂತರವೂ, ಅಗೆಯುವ ಮುನ್ನ ತಿಳಿಸುವುದೇ ಅಗ್ಗದ ಉಪಾಯ. 2023ರ ಮಾರ್ಚ್ 22ರಂದು ಪ್ರಧಾನ ಮಂತ್ರಿಯವರು ಬಿಡುಗಡೆ ಮಾಡಿದ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್‌ನಲ್ಲಿ ಅಗೆಯುವ ಸ್ಥಳ ಮತ್ತು ದಿನವನ್ನು ದಾಖಲಿಸಿದರೆ, ಅಲ್ಲಿ ಕೇಬಲ್ ಇರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಪಂಚಾಯಿತಿ ಕಾಮಗಾರಿಯ ಕಾರ್ಯಾದೇಶದಲ್ಲಿ ಗುತ್ತಿಗೆದಾರರಿಗೆ ಇದನ್ನು ಷರತ್ತಾಗಿ ಸೇರಿಸಬಹುದು.

ನ್ಯಾಯದ ನಿಯಮ ಪಂಚಾಯಿತಿಯನ್ನೂ ಕಟ್ಟುತ್ತದೆ. ದೂರಸಂಪರ್ಕ ಅಧಿನಿಯಮ 2023ರ ಪ್ರಕಾರ ಕೇಬಲ್ ಹಾಯಿಸಲು ನೀಡುವ ದಾರಿ ಹಕ್ಕಿನ ಅನುಮತಿಯಲ್ಲಿ ತಾರತಮ್ಯ ಇರಬಾರದು. ಸಾಧ್ಯವಾದ ಮಟ್ಟಿಗೂ ಅದು ಒಬ್ಬರಿಗೇ ಮೀಸಲಾಗಬಾರದು. ಊರಿನಲ್ಲಿ ಈಗಾಗಲೇ ಸೇವೆ ನೀಡುತ್ತಿರುವ ಕೇಬಲ್ ನಿರ್ವಾಹಕರ ಮಾತಿಗೆ ಹೊಸಬರ ಅರ್ಜಿಯನ್ನು ತಡೆಹಿಡಿದರೆ, ಬೇಕಾದವರ ತೂಬು ಎತ್ತಿದಂತೆಯೇ ಆಗುತ್ತದೆ.

ವೇಗ ಕುಸಿದಾಗ ದೂರು ನೀಡುವ ಮುನ್ನ ಮಾಡಬೇಕಾದ ಪರೀಕ್ಷೆ ಸುಲಭ. ವೈ-ಫೈ ಬಿಟ್ಟು ರೌಟರ್‌ಗೆ ನೇರವಾಗಿ ತಂತಿ ಜೋಡಿಸಿದ ಗಣಕಯಂತ್ರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ವೇಗ ಅಳೆದು ಒಂದು ವಾರ ಪುಸ್ತಕದಲ್ಲಿ ಬರೆದಿಡಬೇಕು. ಎಲ್ಲ ಜಾಲತಾಣಗಳೂ ಸಂಜೆ ಮಾತ್ರ ನಿಧಾನವಾದರೆ ಅದು ದಟ್ಟಣೆ. ಇತರ ತಾಣಗಳೆಲ್ಲ ತೆರೆದು ಇ-ಸ್ವತ್ತು ಮಾತ್ರ ತೆರೆಯದಿದ್ದರೆ, ಇನ್ನೊಂದು ಸಂಸ್ಥೆಯ ಮೊಬೈಲ್ ಸಂಪರ್ಕದಲ್ಲೂ ತೆರೆಯದಿದ್ದರೆ, ದೋಷ ಬೆಂಗಳೂರಿನದು. ಒಂದೇ ತಾಣ ಒಂದೇ ಸಂಸ್ಥೆಯ ಜಾಲದಲ್ಲಿ ಮಾತ್ರ ಸದಾ ನಿಧಾನವಾಗಿದ್ದರೆ ಅದನ್ನು ಬರೆದು ಕೇಳಬೇಕು. ದೂರನ್ನು ಸಂಸ್ಥೆಯ ಗ್ರಾಹಕ ಕೇಂದ್ರಕ್ಕೆ ನೀಡಿದಾಗ ಡಾಕೆಟ್ ಸಂಖ್ಯೆ ಪಡೆಯುವುದನ್ನು ಮರೆಯಬಾರದು. ಆ ಸಂಖ್ಯೆ ಇಲ್ಲದ ದೂರು ದಾಖಲಾಗದ ದೂರು. ಪರಿಹಾರ ತೃಪ್ತಿಕರವಲ್ಲದಿದ್ದರೆ, 2012ರ ಟ್ರಾಯ್ ವಿನಿಯಮದಂತೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮನವಿ ಸಲ್ಲಿಸಬಹುದು. ಮನವಿಯನ್ನು 39 ದಿನಗಳೊಳಗೆ ತೀರ್ಮಾನಿಸಬೇಕು. ವೇಗದ ಪುಸ್ತಕದ ಪ್ರತಿಯನ್ನು ಮನವಿಯೊಂದಿಗೆ ಲಗತ್ತಿಸುವುದು.