ವಸತಿ ಸಂಕೀರ್ಣದ ಅಂಗಳ ಮತ್ತು ನಿವಾಸಿಗಳ ಆರೋಗ್ಯ

ಊರಿನ ಮನೆಗೆ ಅಂಗಳವಿತ್ತು, ಹಿತ್ತಿಲಿತ್ತು. ಮಹಾನಗರದ ಹೌಸಿಂಗ್ ಸೊಸೈಟಿಯಲ್ಲಿ ನೆಲೆಸಿದ ಕನ್ನಡಿಗನಿಗೆ ಇವೆರಡರ ಬದಲು ಉಳಿದಿರುವುದು ಕಟ್ಟಡಗಳ ನಡುವಣ ತೆರಪು ಮಾತ್ರ. ಅದನ್ನೂ ವಾಹನಗಳಿಗೆ ಬಿಟ್ಟುಕೊಡುವ ಮುನ್ನ ಅದರ ಬೆಲೆಯನ್ನು ಅರಿಯುವುದು ಅವಶ್ಯ.

ತೆರೆದ ಜಾಗವು ಕೇವಲ ಅಲಂಕಾರವಲ್ಲವೆಂಬ ಪಾಠವನ್ನು ಮುಂಬಯಿ ನಗರವು ಪ್ಲೇಗಿನಿಂದ ಕಲಿಯಿತು. 1896ರಲ್ಲಿ ತಲೆದೋರಿದ ಆ ಪಿಡುಗು ಕಿಕ್ಕಿರಿದ ವಸತಿಗಳಲ್ಲಿ ಹಬ್ಬಿ ಅಪಾರ ಪ್ರಾಣಹಾನಿಯನ್ನುಂಟುಮಾಡಿತು. ತತ್ಫಲವಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಗೊಂಡಿತು. ಅದು ಕೈಗೊಂಡ ದಾದರ್-ಮಾಟುಂಗಾ ಬಡಾವಣೆಯಲ್ಲಿ ಅಗಲವಾದ ರಸ್ತೆಗಳೊಡನೆ ಉದ್ಯಾನಗಳಿಗೂ ಸ್ಥಳ ದೊರೆಯಿತು. ಮಾಟುಂಗಾದ ಕನ್ನಡಿಗರಿಗೆ ಚಿರಪರಿಚಿತವಾದ ಫೈವ್ ಗಾರ್ಡನ್ಸ್ ಆ ಯೋಜನೆಯ ಫಲವೇ ಆಗಿದೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯ ಬಾಗಿಲಲ್ಲೇ ನಡೆದಾಡಲು ಸ್ಥಳವಿದ್ದರೆ ಇದು ಸುಲಭಸಾಧ್ಯ. ರಸ್ತೆ ದಾಟಲು ಅಂಜುವ ವೃದ್ಧರಿಗಂತೂ ಅಂಗಳವೇ ಹೊರಜಗತ್ತು.

ಅಂಗಳವನ್ನು ಯೋಜಿಸುವಾಗ ಮೊದಲು ಬಿಸಿಲು, ನೆರಳು, ಮಳೆನೀರಿನ ಹರಿವುಗಳನ್ನು ಗಮನಿಸಬೇಕು. ಮಕ್ಕಳ ಆಟದ ಸ್ಥಳವು ವಾಹನಗಳ ದಾರಿಯಿಂದ ದೂರವಿದ್ದು, ಮನೆಗಳ ಕಿಟಕಿಗೆ ಕಾಣುವಂತಿರಬೇಕು. ನಡೆಯುವ ದಾರಿ ಮೆಟ್ಟಿಲುಗಳಿಲ್ಲದೆ, ಜಾರದಂತೆ ಕಟ್ಟಡವನ್ನು ಸುತ್ತಿಬರಲಿ. ಅಲ್ಲಲ್ಲಿ ಬೆನ್ನಿಗೂ ಕೈಗೂ ಆಸರೆಯಿರುವ ಬೆಂಚುಗಳಿದ್ದರೆ ಮಂಡಿನೋವಿನವರಿಗೆ ಕೂತೇಳಲು ಅನುಕೂಲ.

ಪಡುವಣ ದಿಕ್ಕಿನಲ್ಲಿ ಹೊಂಗೆ, ಬೇವಿನಂತಹ ಮರಗಳಿದ್ದರೆ ಅಪರಾಹ್ಣದ ಬಿಸಿಲು ಗೋಡೆಗೆ ತಾಗುವುದು ತಗ್ಗುತ್ತದೆ. ಆದರೆ ಅವುಗಳನ್ನು ತಳಪಾಯದಿಂದಲೂ ಚರಂಡಿಯಿಂದಲೂ ದೂರ ನೆಡಬೇಕು. ಬುಡದವರೆಗೆ ಸಿಮೆಂಟು ಹಾಕಿದರೆ ಬೇರಿಗೆ ನೀರೂ ಗಾಳಿಯೂ ದೊರೆಯದೆ ಮರವು ದುರ್ಬಲಗೊಳ್ಳುತ್ತದೆ, ಮಳೆಗಾಲದಲ್ಲಿ ಉರುಳಲೂಬಹುದು. ಸುತ್ತಲೂ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಲಿ. ಡೆಂಗ್ಯೂ ಹರಡುವ ಸೊಳ್ಳೆಯು ಮೊಟ್ಟೆಯಿಂದ ಬಲಿಯಲು ಸುಮಾರು ಒಂದು ವಾರ ಸಾಕು. ಆದುದರಿಂದ ಕುಂಡಗಳ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯಬೇಕು.

ವಾಹನ ನಿಲುಗಡೆಯನ್ನು ವಿಸ್ತರಿಸುವ ಪ್ರಶ್ನೆ ಸೊಸೈಟಿಯ ವಾರ್ಷಿಕ ಸಭೆಗೆ ಬಂದಾಗ ಸದಸ್ಯರು ಮೊದಲು ಅಂಗಳದ ನಕ್ಷೆಯನ್ನು ಮುಂದಿಟ್ಟುಕೊಳ್ಳಲಿ. ಸಭೆಯಲ್ಲಿ ವಾಹನದ ಒಡೆಯನಿಗೆ ಮತವಿದೆ, ಆಡುವ ಮಗುವಿಗಿಲ್ಲ. ಆ ಮಗುವಿನ ಪರವಾಗಿ ಯೋಚಿಸುವ ಹೊಣೆ ಹಿರಿಯರದು.